ಯಂತ್ರ ಮಲಗಿಸಿ ಎಬ್ಬಿಸುವ ಗೋಣೆಪ್ಪ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ದಾವಣಗೆರೆಯ ಸರಸ್ವತಿ ನಗರದಲ್ಲಿ ಹೆಂಗಸರು ಬಾಗಿಲಿಗೆ ನೀರು ಹಾಕುತ್ತಿದ್ದಾರೆ. ಬೀದಿಯ ಕೊನೆಯ ತಗಡಿನ ಶೆಡ್ಡಿನಲ್ಲಿ, ಜನವರಿಯ ಚಳಿಗೆ ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬ ಮನುಷ್ಯ ಮರ ಕೊಯ್ಯುವ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಯಂತ್ರವನ್ನು ಮುಟ್ಟುತ್ತಿಲ್ಲ. ಬೀಡಿ ಆರಿ ಎಷ್ಟೋ ಹೊತ್ತಾಗಿದ್ದರೂ ಅದು ತುಟಿಯಲ್ಲೇ ಇದೆ. ಎದ್ದು ಯಂತ್ರವನ್ನು ಒಂದು ಸುತ್ತು ಹಾಕುತ್ತಾರೆ, ಮತ್ತೆ ಇನ್ನೊಂದು ಕಡೆ ಹೋಗಿ ಕೂರುತ್ತಾರೆ.

ಏನು ನೋಡುತ್ತಿದ್ದೀರಿ ಎಂದು ಕೇಳುತ್ತೇನೆ.

“ಇದರ ಭಾರ ಎಲ್ಲೈತೆ ಅಂತ ನೋಡ್ತಾ ಇದೀನ್ರಿ,” ಎನ್ನುತ್ತಾರೆ. “ಮನುಷ್ಯಾರಿಗೆ ಹೊಟ್ಟ್ಯಾಗೆ ಭಾರ. ಇದಕ್ಕೆ ತಲ್ಯಾಗೈತೆ. ಇಂಥವನ್ನ ನಿಂದ್ರಿಸಿಕೊಂಡು ಕರ್ಕೊಂಡು ಹೋಗಬಾರದು. ಮಲಗಿಸಿ ಕರ್ಕೊಂಡು ಹೋಗಬೇಕು.”

ಇವರು ಗೋಣೆಪ್ಪ. ವಯಸ್ಸು ಅರವತ್ತಕ್ಕೆ ಹತ್ತಿರ. ನೋಡಿದರೆ ಭಾರ ಎತ್ತುವವರು ಎನ್ನಿಸುವುದಿಲ್ಲ. ಸಣಕಲು ಮೈ, ಮುಂಗೈ ಮಾತ್ರ ಹುರಿ ಮಾಡಿದ ಹಗ್ಗದ ಹಾಗಿದೆ. ದಾವಣಗೆರೆ, ಹರಿಹರದ ಸುತ್ತ ಯಾವುದೇ ಮರಗೆಲಸದ ಕಾರ್ಖಾನೆ ಜಾಗ ಬದಲಿಸುವುದಿದ್ದರೆ ಮೊದಲು ಹುಡುಕುವುದು ಇವರನ್ನು. ಸಾಮಿಲ್ಲಿನವರು, ಬಾಗಿಲು ಕಿಟಕಿ ಮಾಡುವವರು, ಗಾಡಿಯ ಮೂಕಿ, ಗಾಲಿ ಮಾಡುವವರು ಎಲ್ಲರೂ ಇವರ ಮನೆಯ ದಾರಿ ಬಲ್ಲರು. ಆದರೆ ಹೊಸ ಜಾಗದಲ್ಲಿ ಪೂಜೆಯಾಗಿ ಯಂತ್ರ ಶುರುವಾಗುವ ಹೊತ್ತಿಗೆ ಇವರು ಅಲ್ಲಿರುವುದಿಲ್ಲ. ಆಗಲೇ ಇನ್ನೊಂದು ಶೆಡ್ಡಿನಲ್ಲಿ ಇನ್ನೊಂದು ಯಂತ್ರದ ಮುಂದೆ ಕೂತಿರುತ್ತಾರೆ.

ಈ ದಿನದ ಕೆಲಸ ಶಕುಂತಲಮ್ಮನವರದ್ದು. ಗಂಡ ತೀರಿಕೊಂಡ ಮೇಲೆ ಬಾಗಿಲು ಚೌಕಟ್ಟಿನ ಈ ಕಾರ್ಖಾನೆಯನ್ನು ನಡೆಸುತ್ತಿರುವವರು ಅವರೇ. ಸೆರಗನ್ನು ಸೊಂಟಕ್ಕೆ ಬಿಗಿದು ಸಾಗುವಾನಿ ದಿಮ್ಮಿಯನ್ನು ತಾವೇ ಗರಗಸಕ್ಕೆ ಒಡ್ಡುತ್ತಾರೆ. ಶೆಡ್ಡು ಹಾಕಿದಾಗ ಸುತ್ತ ಬಯಲಿತ್ತು. ದಾವಣಗೆರೆ ಜಿಲ್ಲಾ ಕೇಂದ್ರವಾದ ಮೇಲಂತೂ ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ಬಂದಿವೆ. ಗರಗಸ ಶುರುವಾದರೆ ಪಕ್ಕದ ಮನೆಯ ಕೂಸು ಬೆಚ್ಚಿ ಏಳುತ್ತದೆ. “ಅವರು ಜಗಳ ಆಡಲಿಲ್ರಿ. ನನಗೇ ನಾಚಿಕೆ ಆಗಾಕೆ ಹತ್ತಿತು,” ಎನ್ನುತ್ತಾರೆ ಶಕುಂತಲಮ್ಮ. ಹರಿಹರದ ಹೊರಗೆ ತವರಿನವರು ಕೊಟ್ಟ ನಿವೇಶನದಲ್ಲಿ ಹೊಸ ಶೆಡ್ಡು ಎದ್ದಿದೆ. ಹಲಗೆ ನಯ ಮಾಡುವ ಪ್ಲೇನರ್, ಚಕ್ರಗರಗಸ, ಮರ ತಿರುವುವ ಲೇತು ಹಿಂದಿನ ದಿನವೇ ಅಲ್ಲಿಗೆ ಸೇರಿವೆ. ಉಳಿದಿರುವುದು ಇದೊಂದು, ಎಲ್ಲಕ್ಕಿಂತ ದೊಡ್ಡದು, ಊರಿನವರು ಬ್ಯಾಂಡ್‌ಸಾ ಎನ್ನುವ ಪಟ್ಟಿ ಗರಗಸ.

ಆಳೆತ್ತರವನ್ನೂ ಮೀರಿದ ಎರಕದ ಕಬ್ಬಿಣದ ಮೈ. ಮೇಲೊಂದು ಕೆಳಗೊಂದು ಬಂಡಿಯ ಗಾಲಿಯಷ್ಟು ದೊಡ್ಡ ಚಕ್ರ. ತೂಕ ಒಂದೂವರೆ ಟನ್ನು. ಎರಕದ ಕಬ್ಬಿಣ ಬಿದ್ದರೆ ಬಾಗುವುದಿಲ್ಲ, ಸೀಳುತ್ತದೆ. ಸೀಳಿದ ಮೈಗೆ ಹಾಕಿದ ಬೆಸುಗೆ ಗರಗಸದ ನಡುಕಕ್ಕೆ ನಿಲ್ಲುವುದಿಲ್ಲ. ಇಂಥ ಇನ್ನೊಂದು ಶಕುಂತಲಮ್ಮನವರಿಗೆ ಸಿಗುವ ಹಾಗಿಲ್ಲ. ಅವರ ಕಾರ್ಖಾನೆ ಎಂದರೆ ಹೆಚ್ಚುಕಡಿಮೆ ಈ ಯಂತ್ರವೇ.

ಗೋಣೆಪ್ಪನವರ ಆಳುಗಳು ಬಂದು ಸೇರುತ್ತಾರೆ, ಕೆಲಸ ಶುರುವಾಗುತ್ತದೆ. ಮೊದಲು ಗರಗಸದ ಪಟ್ಟಿ ಬಿಚ್ಚಿ, ಹಾವಿನ ಸಿಂಬಿಯ ಹಾಗೆ ಸುತ್ತಿ, ಹಲ್ಲಿಗೆ ಗೋಣಿ ಕಟ್ಟುತ್ತಾರೆ. ಮೋಟಾರು ಇಳಿಯುತ್ತದೆ. ಮರ ಇಡುವ ಮೇಜು ಇಳಿಯುತ್ತದೆ. ಮೇಲಿನ ಚಕ್ರವನ್ನು ಆದಷ್ಟು ಕೆಳಕ್ಕೆ ತಂದು, ತಿರುಗದಂತೆ ಮರದ ಬೆಣೆ ಬಡಿದು ಬಿಗಿಯುತ್ತಾರೆ. “ದಾರ್ಯಾಗೆ ಒಳಗಿಂದು ಯಾವುದೂ ಅಲುಗಾಡಬಾರದು. ಮಿಷನ್ ನಿದ್ದಿ ಮಾಡಬೇಕು,” ಎನ್ನುವುದು ಗೋಣೆಪ್ಪನವರ ಮಾತು. ಆಮೇಲೆ ಮೂರು ಕಬ್ಬಿಣದ ಕಾಲುಗಳ ಮೇಲೆ ಭಾರ ಎತ್ತಿಳಿಸುವ ಸರಪಳಿ ರಾಟೆ ನಿಲ್ಲುತ್ತದೆ. ಸರಪಳಿಯನ್ನು ಯಂತ್ರದ ಬೆನ್ನೆಲುಬಿನ ಒಂದು ಗೊತ್ತಾದ ಜಾಗಕ್ಕೇ ಸುತ್ತುತ್ತಾರೆ, ನಡುವೆ ಗೋಣಿ ತುರುಕುತ್ತಾರೆ.

ಇಲ್ಲಿ ನಾನು ಕಂಡದ್ದನ್ನು ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ. ಗೋಣೆಪ್ಪ ಒಂದು ಕೈಯನ್ನು ಯಂತ್ರದ ಮೇಲಿಟ್ಟು, ಇನ್ನೊಂದು ಕೈಯಿಂದ ಗಾಳಿಯಲ್ಲಿ ಸನ್ನೆ ಮಾಡುತ್ತಾರೆ. ಬೆರಳು ಮಡಚಿದರೆ ಸರಪಳಿ ಇಳಿಯುತ್ತದೆ, ಅಂಗೈ ತೋರಿಸಿದರೆ ನಿಲ್ಲುತ್ತದೆ. ಯಾರೂ ಮಾತಾಡುವುದಿಲ್ಲ. ಆ ಬೃಹತ್ ಕಬ್ಬಿಣ, ಮುದುಕಿಯೊಬ್ಬಳು ಸೊಂಟ ಹಿಡಿದುಕೊಂಡು ಹಾಸಿಗೆಗೆ ಒರಗುವ ಹಾಗೆ, ನಿಧಾನವಾಗಿ ಹಿಂದಕ್ಕೆ ವಾಲಿ, ಮರಳು ಚೀಲಗಳ ಮೇಲೆ ಮಲಗುತ್ತದೆ. ಸದ್ದೇ ಇಲ್ಲ. ಬೀದಿಯಲ್ಲಿ ನೋಡುತ್ತಾ ನಿಂತವರು ಉಸಿರು ಬಿಟ್ಟದ್ದು ಮಾತ್ರ ಕೇಳುತ್ತದೆ. ಪಕ್ಕದ ಮನೆಯ ಬಾಣಂತಿ ಕೂಸನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಾಳೆ. ಕೂಸು ನಿದ್ದೆಯಲ್ಲಿದೆ.

ಗೋಣೆಪ್ಪ ಕುಕ್ಕುವಾಡದವರು. ಅಪ್ಪ ಕಂಡವರ ಹೊಲದಲ್ಲಿ ದುಡಿಯುತ್ತಿದ್ದರು. ಅಣ್ಣ ಮಾರಪ್ಪ ಮೊದಲು ದಾವಣಗೆರೆಗೆ ಬಂದು ಒಂದು ಹತ್ತಿ ಗಿರಣಿಯಲ್ಲಿ ಖಲಾಸಿಯಾದರು. ಖಲಾಸಿಗಳೆಂದರೆ ಮಗ್ಗ, ಎಂಜಿನ್ನು, ಬಾಯ್ಲರುಗಳನ್ನು ಜಾಗದಿಂದ ಜಾಗಕ್ಕೆ ಸಾಗಿಸುವವರು. ಅಣ್ಣನ ಹಿಂದೆ ತಮ್ಮನೂ ಬಂದರು. “ಹಾರೆ ಹಿಡಿಯಾದು ಕಲಿಸಿದ್ದು ನಮ್ಮಣ್ಣ. ನಾವು ಎತ್ತಲ್ಲ, ಹಾರೆ ಎತ್ತುತೈತೆ ಅಂತಿದ್ದ.” ಆ ಗಿರಣಿ ಮುಚ್ಚಿ ಬಹಳ ಕಾಲವಾಯಿತು. ಖಲಾಸಿಗಳು ಚದುರಿದರು. ಕೆಲವರು ಹಮಾಲಿಗೆ ಹೋದರು, ಕೆಲವರು ಊರಿಗೆ ವಾಪಸಾದರು. ಗೋಣೆಪ್ಪ ಗಿರಣಿಯ ಹರಾಜಿನಲ್ಲಿ ಯಾರಿಗೂ ಬೇಡವಾದ ಒಂದು ಸರಪಳಿ ರಾಟೆ, ನಾಲ್ಕು ಹಾರೆ, ಯಂತ್ರದ ಅಡಿಗೆ ಹಾಕಿ ಉರುಳಿಸುವ ಒಂದಿಷ್ಟು ಪೈಪು ತಂದುಕೊಂಡು ಊರಿನೊಳಗಿನ ಕೆಲಸಕ್ಕೆ ನಿಂತರು.

ಅದಕ್ಕೂ ಬಹಳ ಮೊದಲು, ಗಿರಣಿ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ, ಮಾರಪ್ಪ ತೀರಿಹೋಗಿದ್ದರು. ಆ ಕಥೆಯನ್ನು ಗೋಣೆಪ್ಪ ಸರಪಳಿಗೆ ಎಣ್ಣೆ ಹಚ್ಚುತ್ತಾ, ನನ್ನ ಮುಖ ನೋಡದೆ ಹೇಳುತ್ತಾರೆ. ಬಿಡುವಿನಲ್ಲಿ ಕೂಲಿಗೆ ಹೋಗಿದ್ದ ಬೇರೆ ಊರಿನ ಒಂದು ಕಾರ್ಖಾನೆಯಲ್ಲಿ ಯಂತ್ರ ಇಳಿಸುವಾಗ ಪೈಪು ಜಾರಿತು. ಯಂತ್ರ ವಾಲಿತು. ಎಲ್ಲರೂ ಹಿಂದಕ್ಕೆ ಹಾರಿದರು. ಮಾರಪ್ಪ ಮಾತ್ರ ಮುಂದಕ್ಕೆ ಹೋಗಿ ಹೆಗಲು ಕೊಟ್ಟರು.

“ಯಾಕ ಕೊಟ್ಟ ಅಂದ್ರ, ಸಾವ್ಕಾರ ಎದುರಿಗೆ ನಿಂತಿದ್ದ. ಮಿಷನ್ ಹೊಸದು. ಮುರಿದ್ರೆ ಏನಂತಾನೋ ಅನ್ನೋ ಭಯ. ನಮ್ಮಣ್ಣ ಮೂರು ದಿನ ಇದ್ದ. ಮಿಷನ್‌ಗೆ ಏನೂ ಆಗಲಿಲ್ಲ. ಅದು ಈಗಲೂ ಓಡ್ತೈತೆ ಅಂತ ಕೇಳೀನಿ.”

ಅದಕ್ಕೇ ಸ್ವಂತ ಕೆಲಸಕ್ಕೆ ನಿಂತ ದಿನದಿಂದ ಗೋಣೆಪ್ಪ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಒಂದು ಬೋಲ್ಟು ಸಡಿಲಿಸುವ ಮುಂಚೆ ಯಜಮಾನರನ್ನು ಕರೆದು, ತಮ್ಮ ಆಳುಗಳೆಲ್ಲ ಕೇಳುವ ಹಾಗೆ ಒಂದು ಮಾತು ತೆಗೆದುಕೊಳ್ಳುತ್ತಾರೆ. ನಾನು ‘ಬಿಡು’ ಎಂದರೆ ನನ್ನವರು ಬಿಟ್ಟು ಸರಿಯುತ್ತಾರೆ, ಆಗ ಯಂತ್ರ ಹೋದರೆ ಹೋಯಿತು, ಒಪ್ಪಿಗೆಯೇ ಎಂದು. ಅನೇಕರು ನಕ್ಕು ಆಯಿತು ಎನ್ನುತ್ತಾರೆ. ಒಪ್ಪದವರ ಕೆಲಸಕ್ಕೆ ಇವರು ಹೋಗುವುದಿಲ್ಲ. ಹಾಗೆ ಬಿಟ್ಟುಬಂದ ದೊಡ್ಡ ದೊಡ್ಡ ಕೆಲಸಗಳೂ ಇವೆ. ಶಕುಂತಲಮ್ಮ ನಗಲಿಲ್ಲವಂತೆ. ಯಂತ್ರದ ಕಡೆ ನೋಡಿ, “ಒಪ್ಪಿದೀನ್ರಿ” ಅಂದರಂತೆ.

ಬಿಸಿಲೇರುವ ಹೊತ್ತಿಗೆ ಯಂತ್ರ ಲಾರಿಯ ಮೇಲಿದೆ. ಅಡಿಯಲ್ಲಿ ಎರಡು ದಪ್ಪ ತೊಲೆಗಳ ಜಾರುಬಂಡಿ, ಅದಕ್ಕೆ ಬೋಲ್ಟು. ನಾಲ್ಕೂ ಮೂಲೆಗೆ ಅಡ್ಡಡ್ಡ ಎಳೆದ ಸರಪಳಿ. ಲಾರಿ ಹಯಾತ್ ಸಾಬ್ ಅವರದ್ದು. ಗೋಣೆಪ್ಪನವರ ಜತೆ ಇಪ್ಪತ್ತು ವರ್ಷಕ್ಕೂ ಮೇಲೆ ಓಡಿಸಿದ ಗಡ್ಡದ ಮನುಷ್ಯ, ಬೇರೆಯವರ ಸರಕು ಹಾಕಿಕೊಂಡಾಗ ಹೇಗೋ ಏನೋ, ಇವರ ಯಂತ್ರವಿದ್ದರೆ ಮದುವೆ ದಿಬ್ಬಣದ ವೇಗ. ಪುಣೆ-ಬೆಂಗಳೂರಿನ ಪಿ.ಬಿ. ರಸ್ತೆಯಲ್ಲಿ ಬಸ್ಸುಗಳು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋಗುತ್ತವೆ. ದೊಡ್ಡಬಾತಿ ಹತ್ತಿರ ಕುರಿಮಂದೆ ಅಡ್ಡ ಬಂದಾಗ ಅವರು ಬ್ರೇಕು ಒತ್ತಿದ್ದು ನನಗೆ ಗೊತ್ತೇ ಆಗಲಿಲ್ಲ. “ಬ್ರೇಕ್ ಹೊಡೆಯೋದಲ್ಲ ಸಾಬ್, ಬ್ರೇಕ್‌ಗೆ ಕೇಳೋದು. ನಿಲ್ಲು ಬೇಟಾ ಅಂತ,” ಎನ್ನುತ್ತಾರೆ. ಗೋಣೆಪ್ಪ ಕ್ಯಾಬಿನ್ನಿನಲ್ಲಿ ಕೂರುವುದಿಲ್ಲ. ಹಿಂದೆ ಯಂತ್ರದ ಪಕ್ಕದಲ್ಲೇ ನಿಂತು, ಸರಪಳಿಯ ಮೇಲೆ ಎರಡು ಬೆರಳಿಟ್ಟುಕೊಂಡು ಬರುತ್ತಾರೆ. ಸರಪಳಿ ಸಡಿಲವಾದರೆ ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ತಿಳಿಯುತ್ತದಂತೆ.

ಹರಿಹರದಲ್ಲಿ ಹೊಸ ಶೆಡ್ಡಿನ ಮುಂದೆ ಲಾರಿ ಹಿಮ್ಮುಖವಾಗಿ ನಿಲ್ಲುತ್ತದೆ. ಗೋಣೆಪ್ಪ ಇಳಿದು ಹಾರೆಯಿಂದ ನೆಲ ಕುಟ್ಟಿ ಕುಟ್ಟಿ ನೋಡುತ್ತಾರೆ. ಲಾರಿಯ ಹಿಂಬದಿಯಿಂದ ಶೆಡ್ಡಿನ ನೆಲಕ್ಕೆ ಎರಡು ರೈಲು ಕಂಬಿಗಳನ್ನು ಇಳಿಜಾರಾಗಿ ಹಾಕಿ, ನಡುವೆ ಮರದ ದಿಮ್ಮಿಗಳ ಅಟ್ಟಣೆ ಕಟ್ಟುತ್ತಾರೆ. ಯಂತ್ರಕ್ಕೆ ಬಿಗಿದ ನಾರಿನ ಹಗ್ಗವನ್ನು ಲಾರಿಯ ಮೂತಿಯ ಆಚೆಗಿನ ಬೇವಿನ ಮರದ ಬುಡಕ್ಕೆ ಮೂರು ಸುತ್ತು ಸುತ್ತಿ, ಅದರ ತುದಿಯನ್ನು ಸ್ವತಃ ಗೋಣೆಪ್ಪ ಹಿಡಿಯುತ್ತಾರೆ. ಹಗ್ಗ ಸಡಿಲ ಬಿಟ್ಟಷ್ಟೇ ಯಂತ್ರ ಜಾರಬೇಕು. ಕಂಬಿಯ ಪಕ್ಕದಲ್ಲಿ ಹಾರೆ ಹಿಡಿದು ನಿಂತವನು ಸಣ್ಣಬೀರಪ್ಪ. ಗುಂಪಿನಲ್ಲೇ ಗಟ್ಟಿಮುಟ್ಟಾದ ಆಳು, ಹೋದ ವರ್ಷ ಮದುವೆಯಾದವನು.

ಯಂತ್ರ ಅರ್ಧ ಇಳಿದಿದೆ. ಆಗ ಲಾರಿಯ ಒಂದು ಬದಿ ಕುಸಿಯುತ್ತದೆ.

ಹಿಂದಿನ ವಾರ ಗಾರೆಯವರು ಹೊಸ ನೆಲಕ್ಕೆ ನೀರು ಕಟ್ಟಿದ್ದರು. ಆ ನೀರು ಶೆಡ್ಡಿನ ಬುಡದಿಂದ ಜಿನುಗಿ ಹೊರಗೆ ಹೊಸದಾಗಿ ತುಂಬಿದ ಮಣ್ಣಿನೊಳಗೆ ಇಳಿದಿತ್ತು. ಮೇಲಿನ ಪದರ ಮಾತ್ರ ಒಣಗಿ ಗಟ್ಟಿಯಾಗಿತ್ತು. ಭಾರ ಹಿಂದಕ್ಕೆ ಬಂದದ್ದೇ ಲಾರಿಯ ಎಡಗಾಲಿ ಒಂದು ಮೊಳ ಒಳಗೆ ಹೋಯಿತು. ಕಂಬಿಗಳು ಓರೆಯಾದವು. ಜಾರುಬಂಡಿಯ ಒಂದು ತೊಲೆ ಕಂಬಿ ಬಿಟ್ಟು ಗಾಳಿಗೆ ಬಂತು, ಒಂದೂವರೆ ಟನ್ನು ಕಬ್ಬಿಣ ಸಣ್ಣಬೀರಪ್ಪನ ಕಡೆ ವಾಲಿತು.

ಸಣ್ಣಬೀರಪ್ಪ ಹಾರೆಯನ್ನು ಯಂತ್ರದ ಕೆಳಗೆ ಕೊಟ್ಟು, ಅದರ ಮೇಲೆ ಹೆಗಲಿಟ್ಟು ನಿಂತುಬಿಟ್ಟ.

“ಬಿಡು!” ಎಂದರು ಗೋಣೆಪ್ಪ. ಅವನು ಬಿಡಲಿಲ್ಲ. ಕತ್ತಿನ ನರ ಉಬ್ಬಿದ್ದವು. “ಬೀರಾ, ಬಿಡು! ಸರಿ ಆ ಕಡೆ!” ಗೋಣೆಪ್ಪ ಓಡಿ ಹೋಗಿ ಅವನನ್ನು ಎಳೆಯುವಂತಿರಲಿಲ್ಲ. ಹಗ್ಗ ಅವರ ಕೈಯಲ್ಲಿತ್ತು. ಬಿಟ್ಟರೆ ಯಂತ್ರ ಪೂರ್ತಿ ಅವನ ಮೇಲೆಯೇ ಬರುತ್ತಿತ್ತು. ಹಗ್ಗ ಮರದ ತೊಗಟೆಯನ್ನು ಸುಲಿಯುತ್ತಾ ಜಾರತೊಡಗಿತು. ಅದರ ಜತೆಗೆ ಗೋಣೆಪ್ಪನವರೂ, ಹಿಮ್ಮಡಿ ಊರಿಕೊಂಡೇ, ಮರದ ಕಡೆ ಜಗ್ಗಿ ಹೋದರು.

ಸಣ್ಣಬೀರಪ್ಪ ಹಲ್ಲು ಕಚ್ಚಿಕೊಂಡು ಹೇಳಿದ್ದು ನನಗೆ ಕೇಳಿಸಿತು. “ಅಮ್ಮಾರ ಮಿಷನ್ ಹೋಗತೈತೋ!”

ಆಗ ಶಕುಂತಲಮ್ಮ ಕೂಗಿದರು. ಅಂಥ ದನಿ ಅವರಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. “ಹೋಗ್ಲಿ ಬಿಡೋ! ನಂದು ಮಿಷನ್ನು, ನಾನು ಹೇಳ್ತೀನಿ, ಬೀಳ್ಲಿ ಅದು! ಬಿಟ್ಟು ಬಾ ಈ ಕಡೆ!”

ಅವನು ತಿರುಗಿ ಅವರ ಮುಖ ನೋಡಿದ. ಹೆಗಲು ತೆಗೆದು ಪಕ್ಕಕ್ಕೆ ಜಿಗಿದ. ಹಾರೆ ಚಿಮ್ಮಿ ಶೆಡ್ಡಿನ ತಗಡಿಗೆ ಬಡಿಯಿತು. ಯಂತ್ರ ಅವನು ನಿಂತಿದ್ದ ಜಾಗದ ಕಡೆಗೆ ಉರುಳಿ, ಮಧ್ಯದಲ್ಲಿ ಕಟ್ಟಿದ್ದ ದಿಮ್ಮಿಗಳ ಅಟ್ಟಣೆಗೆ ಸೊಂಟ ತಗುಲಿಸಿಕೊಂಡು, ಹಗ್ಗದಲ್ಲಿ ಅರ್ಧ ನೇತಾಡುತ್ತಾ ನಿಂತಿತು. ಚಕ್ರದ ಮುಚ್ಚಳ ಮಡಚಿಕೊಂಡ ಸದ್ದು ಬಂತು.

ಗೋಣೆಪ್ಪ ಮೊದಲು ಯಂತ್ರದ ಕಡೆ ನೋಡಲಿಲ್ಲ. ಹಗ್ಗವನ್ನು ಮರಕ್ಕೆ ಗಂಟು ಹಾಕಿ, ಸಣ್ಣಬೀರಪ್ಪನ ಹತ್ತಿರ ಬಂದು, ಅವನ ಎರಡೂ ತೋಳು, ಬೆನ್ನು, ಮಂಡಿ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಕೆನ್ನೆಗೆ ಒಂದು ಬಿಟ್ಟರು. ಆಮೇಲೆ ಅವನ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡು ನಿಂತರು. ಅಷ್ಟು ದೊಡ್ಡ ಆಳು ಹುಡುಗನ ಹಾಗೆ ಅಳುತ್ತಿದ್ದ. ಹಯಾತ್ ಸಾಬ್ ಎಲ್ಲರಿಗೂ ನೀರು ಕೊಟ್ಟರು. ಗೋಣೆಪ್ಪ ಲೋಟ ಹಿಡಿಯಲು ಹೋದಾಗ ಕಂಡಿತು, ಅವರ ಎರಡೂ ಅಂಗೈಯ ಚರ್ಮ ಹಗ್ಗದ ಜತೆ ಹೋಗಿತ್ತು.

“ನೆಲ ನೋಡಿದ್ದು ನಾನೇ. ಮೇಲೆ ಒಣಗಿತ್ತು, ಒಳಗೆ ಹಸಿ ಇತ್ತು. ಗಾರೆ ಕೆಲಸ ಯಾವಾಗ ಆತು ಅಂತ ಕೇಳಬೇಕಿತ್ತು, ಕೇಳಲಿಲ್ಲ,” ಎಂದರು ಶಕುಂತಲಮ್ಮನವರಿಗೆ. ಅವರು ತಮ್ಮ ಸೀರೆಯ ಸೆರಗನ್ನೇ ಹರಿದು ಗೋಣೆಪ್ಪನವರ ಕೈಗೆ ಸುತ್ತಿದರು.

ಮಧ್ಯಾಹ್ನ ನಾನು ಕಂಡದ್ದು ಬೆಳಿಗ್ಗೆ ಕಂಡದ್ದಕ್ಕಿಂತ ದೊಡ್ಡದು. ಕೈ ಕಟ್ಟಿಸಿಕೊಂಡ ಮನುಷ್ಯ ಒಂದು ಹಲಗೆಯ ಮೇಲೆ ಕೂತು ಬರೀ ಮಾತಿನಲ್ಲಿ ಆ ಯಂತ್ರವನ್ನು ವಾಪಸು ತಂದರು. ಮೊದಲು ಲಾರಿಯ ಗಾಲಿಗಳ ಅಡಿಗೆ ಹಲಗೆ ಹೊಡೆದು, ಕಲ್ಲು ತುಂಬಿ, ಅದು ಇನ್ನಷ್ಟು ಕುಸಿಯದಂತೆ ಮಾಡಿಸಿದರು. ಆಮೇಲೆ ಯಂತ್ರದ ಕೆಳಗೆ ಜಾಕು. ಒಂದು ಬೆರಳಷ್ಟು ಎತ್ತುವುದು, ಒಂದು ಪಟ್ಟಿ ಮರ ತೂರಿಸುವುದು. ಮತ್ತೆ ಒಂದು ಬೆರಳು, ಮತ್ತೊಂದು ಪಟ್ಟಿ. “ಅವಸರ ಬ್ಯಾಡ. ಉಸಿರು ತಗಳ್ರಿ. ಈಗ ಬಲಕ್ಕೆ ಸ್ವಲ್ಪ. ಸಾಕು. ಕೈ ಕೆಳಗೆ ಇಡಬ್ಯಾಡ್ರಿ, ಕಟ್ಟಿಗೆ ಹಿಡಿದು ತಳ್ರಿ.” ಸಣ್ಣಬೀರಪ್ಪನನ್ನೇ ಜಾಕಿನ ಹತ್ತಿರ ಕೂರಿಸಿದ್ದರು. ಯಾಕೆ ಎಂದು ಕೇಳಿದೆ. “ಇವತ್ತು ಮುಟ್ಟಲಿಲ್ಲ ಅಂದ್ರ ನಾಳೆ ಅವನಿಗೆ ಭಯ ಕೂಡತೈತ್ರಿ,” ಎಂದರು.

ಹಾಗೆ ಬೆರಳು ಬೆರಳಾಗಿ ಮೇಲೆದ್ದ ಯಂತ್ರ ಮತ್ತೆ ಕಂಬಿಯ ಮೇಲೆ ಕೂತಿತು, ಜಾರಿತು, ಪೈಪುಗಳ ಮೇಲೆ ಉರುಳಿ ಶೆಡ್ಡಿನೊಳಗೆ ಹೋಯಿತು. ಸರಪಳಿ ರಾಟೆ ಅದನ್ನು ನಿಧಾನವಾಗಿ ನಿಲ್ಲಿಸಿತು. ಅಡಿಗೆ ಬೆಣೆ ಕೊಟ್ಟು ಮಟ್ಟಗೋಲಿಟ್ಟು ನೋಡಿ, ಬೋಲ್ಟು ಬಿಗಿದರು. ಗೋಣೆಪ್ಪ ಒಂದು ಸಣ್ಣ ಸುತ್ತಿಗೆ ತರಿಸಿ, ಸಣ್ಣಬೀರಪ್ಪನ ಕೈಲಿ ಯಂತ್ರದ ಮೈ ಉದ್ದಕ್ಕೂ ಮೆಲ್ಲಗೆ ತಟ್ಟಿಸುತ್ತಾ, ಕಣ್ಣು ಮುಚ್ಚಿ ಕೇಳಿಸಿಕೊಂಡರು. ಸೀಳಿದ ಕಡೆ ಎರಕ ಒಡಕು ದನಿ ಕೊಡುತ್ತದೆ. ಕತ್ತಿನಿಂದ ಪಾದದವರೆಗೆ ಗಂಟೆಯ ಹಾಗೆ ಒಂದೇ ನಾದ. ಮುಚ್ಚಳ ಬಿಟ್ಟರೆ ಏನೂ ಆಗಿರಲಿಲ್ಲ.

ಮೋಟಾರು, ಮೇಜು ಮತ್ತೆ ಕೂರಿಸಿದ ಮೇಲೆ, ಸಂಜೆ ಬಿಸಿಲಿನಲ್ಲಿ ಶಕುಂತಲಮ್ಮ ಪಟ್ಟಿ ಏರಿಸಿದರು. ಮೋಟಾರಿನ ಗುಂಡಿ ಒತ್ತಿದರು. ಚಕ್ರಗಳು ಮೊದಲು ಗೊಣಗಿ, ಆಮೇಲೆ ಹಾಡತೊಡಗಿದವು. ಸಾಗುವಾನಿಯ ಮೊದಲ ಹಲಗೆ ಬೆಣ್ಣೆಯ ಹಾಗೆ ಎರಡಾಯಿತು. ಅವರು ಕಣ್ಣೊರೆಸಿಕೊಂಡದ್ದು ಮರದ ಪುಡಿಗೋ ಬೇರೆಯದಕ್ಕೋ ನಾನು ಕೇಳಲಿಲ್ಲ. ಅಪರೂಪಕ್ಕೆ ಅಂದು ಗೋಣೆಪ್ಪ ಅಲ್ಲೇ ಇದ್ದರು. ಗೋಡೆಗೆ ಒರಗಿ, ಕಟ್ಟಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ತಾವು ತಂದು ನಿಲ್ಲಿಸಿದ್ದು ಓಡುವುದನ್ನು ಕೊನೆಯ ಹಲಗೆ ಮುಗಿಯುವವರೆಗೆ ನೋಡಿದರು.

ಎರಡು ದಿನ ಬಿಟ್ಟು ಅವರನ್ನು ಕಾಣಲು ಮನೆಗೆ ಹೋಗಿದ್ದೇನೆ. ಒಂದು ಕೋಣೆ, ಒಂದು ಪಡಸಾಲೆ. ಗೋಡೆಯ ಉದ್ದಕ್ಕೂ ಪೈಪುಗಳು ಒರಗಿವೆ. ಹೆಂಡತಿ ದುರುಗವ್ವ ಅವರ ಅಂಗೈಗೆ ಅರಿಶಿನದೆಣ್ಣೆ ಹಚ್ಚುತ್ತಿದ್ದಾರೆ. “ಕೂಡ್ರಿ, ಚಾ ಕುಡೀರಿ,” ಎಂದು ನನಗೆ ಹೇಳಿ, ಗಂಡನ ಕಡೆ ಕಣ್ಣು ಬಿಡುತ್ತಾರೆ. “ಹದಿನೈದು ದಿನ ಹಗ್ಗ ಮುಟ್ಟಬ್ಯಾಡ ಅಂದಾರ ಡಾಕ್ಟ್ರು. ಇವರು ನಾಳೆನೇ ಹೊಂಟಾರ.”

“ನೋಡಾಕೆ ಅಷ್ಟೇ. ಮುಟ್ಟಲ್ಲ,” ಎನ್ನುತ್ತಾರೆ ಗೋಣೆಪ್ಪ.

ದುರುಗವ್ವ ಗಂಡನ ಕೆಲಸವನ್ನು ಒಮ್ಮೆಯೂ ಕಂಡಿಲ್ಲ. ಮದುವೆಯಾದ ಹೊಸದರಲ್ಲೇ ಮನೆಯಲ್ಲಿ ಮಾರಪ್ಪನ ಸಾವು ಕಂಡವರು. ಬೆಳಿಗ್ಗೆ ಬುತ್ತಿ ಕಟ್ಟಿ ಕಳಿಸುತ್ತಾರೆ, ಸಂಜೆ ಬಾಗಿಲಲ್ಲಿ ಕೂರುತ್ತಾರೆ, ನಡುವಿನದ್ದು ಅವರಿಗೆ ಬೇಡ. ನಿಮಗೆ ಏನಾದರೂ ಆಸೆ ಇದೆಯೇ ಎಂದು ಗೋಣೆಪ್ಪನವರನ್ನು ಕೇಳುತ್ತೇನೆ. ನಾಚಿಕೊಂಡ ಹಾಗೆ ಹೇಳುತ್ತಾರೆ:

“ಇವಳನ್ನ ಒಂದ್ಸಲ ಬಸ್ಸಿನಾಗೆ ಹರಿಹರಕ್ಕೆ ಕರ್ಕೊಂಡು ಹೋಗಬೇಕು ಅಂತೈತ್ರಿ. ಅಮ್ಮಾರ ಶೆಡ್ಡಿಗೆ. ಆ ಮಿಷನ್ ತೋರಿಸಬೇಕು.”

“ಮರ ಕೊಯ್ಯಾದು ಏನೈತೆ ನೋಡಾಕೆ?” ಎನ್ನುತ್ತಾರೆ ದುರುಗವ್ವ, ಅವರ ಕೈ ಬಿಡದೆ.

“ಕೊಯ್ಯಾದಲ್ಲ. ಅದು ನಿಂತಿರಾದು ನೋಡು.”